ಮೂರು ಬಣ್ಣದ ಪಟ್ಟಿ

ವಿಶಾಖಪಟ್ಟಣದಲ್ಲಿ 1923ರಲ್ಲಿ ತೆರೆದ ಕಿಂಗ್ ಜಾರ್ಜ್ ಆಸ್ಪತ್ರೆಯಂಥ ಕಡೆ ಪಳಗಿದ ನರ್ಸೊಬ್ಬರು ದಕ್ಷಿಣ ಸುಡಾನಿನ ನಿರಾಶ್ರಿತರ ಶಿಬಿರಕ್ಕೆ ಕೆಲಸಕ್ಕೆ ಹೊರಟರೆ, ಮಾನಿಟರು, ವೆಂಟಿಲೇಟರುಗಳ ಆಸರೆ ಅಲ್ಲಿರುವುದಿಲ್ಲ. ಕೈಗೆ ಬರುವುದು ಮಕ್ಕಳ ಅಪೌಷ್ಟಿಕತೆ ಪತ್ತೆಹಚ್ಚುವ, ತೋಳಳತೆಯ ಒಂದು ಪ್ಲಾಸ್ಟಿಕ್ ಪಟ್ಟಿ. ಅದರ ಜಾಣತನಕ್ಕೆ ನಾನು ಮಾರುಹೋಗಿದ್ದೇನೆ.

ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಗು. ಎಡತೋಳಿನಲ್ಲಿ ಹೆಗಲಿಗೂ ಮೊಣಕೈಗೂ ನಟ್ಟನಡುವೆ ಗುರುತು ಮಾಡಿ, ಕೈ ಇಳಿಬಿಡಿಸಿ ಪಟ್ಟಿ ಸುತ್ತಬೇಕು. ಬಿಗಿದರೂ ತಪ್ಪು, ಸಡಿಲಾದರೂ ತಪ್ಪು. 115 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಕೆಂಪು, ತೀವ್ರ ಅಪೌಷ್ಟಿಕತೆ. 125ಕ್ಕಿಂತ ಕಡಿಮೆಯಾದರೆ ಹಳದಿ, ಆಮೇಲೆ ಹಸಿರು. ಕರೆಂಟು ಬೇಡ, ಓದುಬರಹ ಬೇಡ; ತಾಯಂದಿರೇ ಕಲಿತು ಅಳೆಯುತ್ತಾರೆ. ಆದರೆ ಎರಡೂ ಪಾದಗಳಲ್ಲಿ ಬಾವಿದ್ದರೆ ಹಸಿರನ್ನೂ ನಂಬುವಂತಿಲ್ಲ. ಹೆಬ್ಬೆರಳಿನಿಂದ ಒತ್ತಿ, ಗುಳಿ ಉಳಿಯಿತೇ ಎಂದು ನೋಡಲೇಬೇಕು. ಪಟ್ಟಿ ಎಷ್ಟೇ ಜಾಣವಾದರೂ ಕೊನೆಗೆ ಬೇಕಾದದ್ದು ನರ್ಸಿನ ಕೈ.

ಆ ಕೈಗೆ ಸಂಬಳವೂ ಉಂಟು. 1971ರಲ್ಲಿ ಹುಟ್ಟಿದ, 1999ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಪಡೆದ ಮೆದ್‌ಸಾಂ ಸಾಂ ಫ್ರಾಂತಿಯೇರ್ ಎಂಬ ವೈದ್ಯಕೀಯ ನೆರವಿನ ಸಂಸ್ಥೆ ಇಂಥ ಕಡೆಗೆ ನರ್ಸುಗಳನ್ನು ಸಂಬಳ ಕೊಟ್ಟೇ ಕಳಿಸುತ್ತದೆ. ಅನುಭವ ಕೇಳುತ್ತಾರೆ, ಫ್ರೆಂಚ್ ಬಂದರೆ ಅವಕಾಶ ಹೆಚ್ಚು. ವಿಜಯವಾಡದ ಎನ್‌ಟಿಆರ್ ಆರೋಗ್ಯ ವಿಶ್ವವಿದ್ಯಾಲಯದ ಪದವಿ ಹಿಡಿದು ಕೊಲ್ಲಿ ದೇಶಗಳತ್ತ ಮಾತ್ರ ನೋಡುವವರು ಇತ್ತಲೂ ಒಮ್ಮೆ ನೋಡಲಿ. ಅರ್ಜಿಯನ್ನು ನೇರವಾಗಿ ಸಂಸ್ಥೆಗೇ ಹಾಕಿ. ಕೆಲಸ ಕೊಡಿಸುತ್ತೇನೆಂದು ದುಡ್ಡು ಕೇಳುವ ದಲ್ಲಾಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.