ಕಾರವಾರ–ಅಂಕೋಲೆಯ ಪದವಿ ವಿದ್ಯಾರ್ಥಿಗಳ ಇಂಗ್ಲಿಷ್: ಇಳಿಕೆಯೋ, ಬದಲಾವಣೆಯೋ?

ಕಾರವಾರ, ಅಂಕೋಲೆಗಳ ಪದವಿ ವಿದ್ಯಾರ್ಥಿಗಳ ಇಂಗ್ಲಿಷ್ ಮೊದಲಿನಂತಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದು ಅರ್ಧ ಸತ್ಯ. ಮೊದಲು ಕಲಿತವರು ಯಾರು, ಯಾವ ತರಗತಿಯಿಂದ ಕಲಿತರು, ಪರೀಕ್ಷೆ ಅವರಿಂದ ಏನನ್ನು ಕೇಳಿತು ಎಂಬುದನ್ನು ನೋಡದೆ ಎರಡು ಕಾಲಗಳನ್ನು ಹೋಲಿಸಲಾಗದು.

ಉತ್ತರ ಕನ್ನಡ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಮೆಟ್ರಿಕ್ ಪರೀಕ್ಷೆ ಮುಂಬಯಿ ವಿಶ್ವವಿದ್ಯಾಲಯದ್ದಾಗಿತ್ತು. ಧಾರವಾಡದ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಮಕ್ಕಳನ್ನು ಪರಸ್ಥಳದಲ್ಲಿಟ್ಟು ಓದಿಸುವ ಶಕ್ತಿಯಿದ್ದ ಕೆಲವೇ ಮನೆತನಗಳಿಗೆ ಪದವಿ ಎಟುಕುತ್ತಿತ್ತು. ಇತಿಹಾಸ, ತರ್ಕಶಾಸ್ತ್ರಗಳನ್ನೂ ಇಂಗ್ಲಿಷಿನಲ್ಲೇ ಓದಿ ಬರೆಯುತ್ತಿದ್ದ ಆ ವಿದ್ಯಾರ್ಥಿಗಳ ಬರವಣಿಗೆ ಬಿಗಿಯಾಗಿದ್ದದ್ದು ಸಹಜ.

ಸ್ವಾತಂತ್ರ್ಯಾನಂತರ ಮುಂಬಯಿ ಸರ್ಕಾರ ಇಂಗ್ಲಿಷ್ ಕಲಿಕೆಯನ್ನು ಎಂಟನೆಯ ಇಯತ್ತೆಗೆ ಮುಂದೂಡಿತು. 1966ರಲ್ಲಿ ದಿನಕರ ದೇಸಾಯಿಯವರ ಕೆನರಾ ವೆಲ್ಫೇರ್ ಟ್ರಸ್ಟ್ ಅಂಕೋಲೆಯಲ್ಲಿ ಗೋಖಲೆ ಸೆಂಟಿನರಿ ಕಾಲೇಜನ್ನು ತೆರೆಯಿತು. ಗೇಣಿದಾರರ, ಮೀನುಗಾರರ ಮಕ್ಕಳಿಗೂ ಪದವಿ ತರಗತಿ ಹತ್ತಿರವಾಯಿತು. ಕನ್ನಡ ಮಾಧ್ಯಮದಲ್ಲಿ ಓದಿ, ಮನೆಯಲ್ಲೇ ಮೊದಲಿಗರಾಗಿ ಕಾಲೇಜು ಕಂಡ ಇವರನ್ನು ಹಿಂದಿನ ಆಯ್ದ ಕೆಲವರೊಂದಿಗೆ ಹೋಲಿಸಿ ಮಟ್ಟ ಕುಸಿಯಿತೆನ್ನುವುದು ನ್ಯಾಯವಲ್ಲ. ಇಂಗ್ಲಿಷ್ ಪಠ್ಯವನ್ನು ಕೈಗೆತ್ತಿಕೊಂಡವರ ವಲಯವೇ ಆಗ ಹಿಗ್ಗಿತ್ತು.

ಕಲಿಕೆಯ ದಾರಿಯೂ ಎಲ್ಲರಿಗೂ ಒಂದೇ ಅಲ್ಲ. ಕಾರವಾರದ ಅನೇಕ ಮನೆಗಳ ಮಾತು ಕೊಂಕಣಿ. ಅಲ್ಲಿಯ ಮಕ್ಕಳಿಗೆ ಶಾಲೆಯ ಕನ್ನಡವೇ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ಅಂಕೋಲೆಯ ಹಾಲಕ್ಕಿ ಒಕ್ಕಲಿಗರ ಆಡುಗನ್ನಡಕ್ಕೂ ಪಠ್ಯದ ಕನ್ನಡಕ್ಕೂ ಅಂತರವಿದೆ. ಒಂದೇ ಪಠ್ಯಪುಸ್ತಕ ಇವರೆಲ್ಲರನ್ನೂ ಒಂದೇ ಮೆಟ್ಟಿಲ ಮೇಲೆ ನಿಲ್ಲಿಸುತ್ತದೆ.

2007ರಲ್ಲಿ ಕರ್ನಾಟಕ ಸರ್ಕಾರಿ ಶಾಲೆಗಳ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಭಾಷೆಯಾಗಿ ಕಲಿಸತೊಡಗಿತು. ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆಗಳಿಗೆ ದೇಶದ ನಾನಾ ಕಡೆಯಿಂದ ಜನ ಬಂದರು. ಕಾರವಾರದ ಪೇಟೆಯಲ್ಲಿ ಹಿಂದಿ, ಇಂಗ್ಲಿಷ್ ದಿನಬಳಕೆಗೆ ಬಂದವು. ಮೊಬೈಲ್ ಫೋನು ಇಂಗ್ಲಿಷ್ ದನಿಯನ್ನು ಹಳ್ಳಿಗೂ ಮುಟ್ಟಿಸಿತು. ಕೇಳಿ ಗ್ರಹಿಸುವುದಕ್ಕೂ ಅಳುಕಿಲ್ಲದೆ ನಾಲ್ಕು ಮಾತಾಡುವುದಕ್ಕೂ ಇಂದಿನ ವಿದ್ಯಾರ್ಥಿಗೆ ಹಿಂದೆಂದೂ ಇರದ ಅವಕಾಶವಿದೆ.

ಕಾಳಜಿಪಡಬೇಕಾದದ್ದು ದೀರ್ಘ ಓದು ಮತ್ತು ಸ್ವಂತ ಬರಹ. ಇಲ್ಲಿ ಪರೀಕ್ಷೆಯ ಪಾತ್ರ ದೊಡ್ಡದು. ಮೊದಲೆಂದೂ ನೋಡದ ಗದ್ಯಭಾಗವನ್ನು ಮೂರನೇ ಒಂದು ಪಾಲಿಗೆ ಇಳಿಸಿ ಶೀರ್ಷಿಕೆ ಕೊಡಬೇಕಾದಾಗ ವಿದ್ಯಾರ್ಥಿ ಪ್ರತಿ ವಾಕ್ಯವನ್ನೂ ತೂಗಿ ನೋಡಬೇಕಾಗುತ್ತದೆ: ಯಾವುದು ಮುಖ್ಯ, ಯಾವುದು ಉದಾಹರಣೆ, ಯಾವುದನ್ನು ಬಿಡಬಹುದು. ನಿಗದಿತ ಪಾಠದ ಸಾರಾಂಶ ಬರೆಯಿರಿ ಎಂಬ ಪ್ರಶ್ನೆಗೆ ಗೈಡಿನ ಎರಡು ಪುಟ ಬಾಯಿಪಾಠವಾಗಿದ್ದರೆ ಸಾಕು. ಅಂಥ ಉತ್ತರಕ್ಕೆ ಸಿಗುವ ಅಂಕ ನೆನಪಿನ ಶಕ್ತಿಗೆ ಸಂದದ್ದು. ಭಾಷೆಯ ಮೇಲಿನ ಹಿಡಿತ ಅದರಿಂದ ತಿಳಿಯುವುದಿಲ್ಲ.

2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು. 2024ರಲ್ಲಿ ರಾಜ್ಯ ಮೂರು ವರ್ಷದ ಪದವಿಗೆ ಮರಳಿತು. ಪಠ್ಯಕ್ರಮ ಹೀಗೆ ಬದಲಾಗುತ್ತಲೇ ಇದ್ದರೆ ಅಧ್ಯಾಪಕರಿಗೆ ಒಂದು ಕ್ರಮವನ್ನು ಪಕ್ವಗೊಳಿಸುವ ಅವಧಿಯೇ ಸಿಗದು. ಅಪರಿಚಿತ ಪಠ್ಯದ ಗ್ರಹಿಕೆ, ಕೊಂಕಣಿ ಅಥವಾ ಕನ್ನಡದಿಂದ ಸಣ್ಣ ಅನುವಾದ, ಐದು ನಿಮಿಷದ ಮೌಖಿಕ ಪರೀಕ್ಷೆ – ಈ ಮೂರಕ್ಕೆ ಅಂಕಗಳ ದೊಡ್ಡ ಪಾಲು ಸಲ್ಲಬೇಕು. ಆಗ ವಿದ್ಯಾರ್ಥಿಗೆ ಈಗಾಗಲೇ ಒಲಿದಿರುವ ಮಾತಿಗೂ ಬೆಲೆ ಬರುತ್ತದೆ, ಹಿಂದುಳಿದ ಓದುಬರಹಕ್ಕೂ ಒತ್ತು ಸಿಗುತ್ತದೆ.