ಎಡಕ್ಕೆ ಪಾಕೋ, ಬಲಕ್ಕೆ ಅಲ್

ಎರಡು ಅಕೂಸ್ಟಿಕ್ ಗಿಟಾರುಗಳನ್ನು ರೆಕಾರ್ಡ್ ಮಾಡುವುದು ಈಗ ದೊಡ್ಡ ಸಾಹಸವೇನಲ್ಲ. ಎರಡು ಮೈಕು, ಒಂದು ಲ್ಯಾಪ್‌ಟಾಪು, ಪಕ್ಕದ ಮನೆಯ ಮಿಕ್ಸಿ ಸುಮ್ಮನಿರುವ ಒಂದು ಗಂಟೆ. ಇಷ್ಟಿದ್ದರೆ ಸಾಕು. ಕಷ್ಟ ಶುರುವಾಗೋದು ಆಮೇಲೆ, ಮಿಕ್ಸ್ ಮಾಡೋಕೆ ಕೂತಾಗ. ಯಾರನ್ನು ಎಡಕ್ಕೆ ಕೂರಿಸೋದು, ಯಾರನ್ನು ಬಲಕ್ಕೆ? ಇಬ್ಬರ ನಡುವೆ ಎಷ್ಟು ಜಾಗ ಬಿಡೋದು? ಮೊದಲನೆಯದು ಪ್ಯಾನಿಂಗ್. ಅವರು ಕೂತಿರುವ ಕೋಣೆ ಎಷ್ಟು ದೊಡ್ಡದು ಅಂತ ಕಿವಿಗೆ ಹೇಳುವುದು ರಿವರ್ಬ್. ಎರಡೂ ತಾಂತ್ರಿಕ ವಿಷಯಗಳೇ. ಆದರೆ ಇಬ್ಬರಲ್ಲಿ ಯಾರು ಮಾತಾಡುವವರು, ಯಾರು ತಲೆಯಾಡಿಸುವವರು ಅನ್ನೋದನ್ನು ತೀರ್ಮಾನಿಸುವುದೂ ಇವೇ.

ಇದಕ್ಕೆ ನನ್ನ ಮಟ್ಟಿಗೆ ಪಠ್ಯಪುಸ್ತಕ ಅಂದ್ರೆ ‘ಫ್ರೈಡೇ ನೈಟ್ ಇನ್ ಸ್ಯಾನ್ ಫ್ರಾನ್ಸಿಸ್ಕೋ’. 1980ರ ಡಿಸೆಂಬರ್ 5ರಂದು ಅಲ್ಲಿನ ವಾರ್‌ಫೀಲ್ಡ್ ಥಿಯೇಟರಿನಲ್ಲಿ ಪಾಕೋ ದೆ ಲೂಸಿಯಾ, ಜಾನ್ ಮೆಕ್‌ಲಾಫ್ಲಿನ್, ಅಲ್ ಡಿ ಮಿಯೋಲಾ ನುಡಿಸಿದ ಕಛೇರಿಯಿಂದ ಹುಟ್ಟಿ, 1981ರಲ್ಲಿ ಹೊರಬಂದ ಆಲ್ಬಂ. ಮೂವರ ಆಲ್ಬಂ ಅಂತಲೇ ಎಲ್ಲರಿಗೂ ನೆನಪು. ಆದರೆ ಅದರಲ್ಲಿರುವ ಐದು ಟ್ರ್ಯಾಕುಗಳಲ್ಲಿ ಮೊದಲ ಮೂರು ಜೋಡಿ ವಾದನಗಳು. ಮೂವರೂ ಇರುವಾಗ ಪಾಕೋ ಎಡಕ್ಕೆ, ಮೆಕ್‌ಲಾಫ್ಲಿನ್ ನಡುವೆ, ಡಿ ಮಿಯೋಲಾ ಬಲಕ್ಕೆ. ಜೋಡಿಯಾದಾಗ ಏನಾಗುತ್ತೆ ನೋಡಿ. ಡಿ ಮಿಯೋಲಾ ಜೊತೆ ‘ಶಾರ್ಟ್ ಟೇಲ್ಸ್ ಆಫ್ ದ ಬ್ಲ್ಯಾಕ್ ಫಾರೆಸ್ಟ್’ ನುಡಿಸುವಾಗ ಮೆಕ್‌ಲಾಫ್ಲಿನ್ ಎಡಕ್ಕೆ ಬರುತ್ತಾರೆ. ಪಾಕೋ ಜೊತೆ ‘ಫ್ರೆವೋ ರಾಸ್ಗಾದೋ’ ನುಡಿಸುವಾಗ ಬಲಕ್ಕೆ ಹೋಗುತ್ತಾರೆ. ಅಂದ್ರೆ ಇಬ್ಬರೇ ಇರುವಾಗ ನಡುವಿನ ಕುರ್ಚಿ ಖಾಲಿ. ಅಲ್ಲಿ ಯಾರೂ ಕೂರುವಂತಿಲ್ಲ.

ಈ ಖಾಲಿ ಕುರ್ಚಿ ಸಣ್ಣ ವಿಷಯ ಅಲ್ಲ. ಸಿನಿಮಾ ಹಾಡು ಕೇಳಿ ಬೆಳೆದ ನಮ್ಮ ಕಿವಿಗೆ ನಡುವೆ ಇರೋದೇ ಮುಖ್ಯ; ಗಾಯಕ ಯಾವಾಗಲೂ ಅಲ್ಲೇ ತಾನೆ? ಹಾಗಾಗಿ ಒಂದು ಗಿಟಾರನ್ನು ನಡುವೆ ಇಟ್ಟ ಕೂಡಲೇ ಇನ್ನೊಂದು ಪಕ್ಕವಾದ್ಯ ಆಗಿಬಿಡುತ್ತೆ.

ನನ್ನ ಇಬ್ಬರು ಗೆಳೆಯರ ರೆಕಾರ್ಡಿಂಗ್ ಒಂದನ್ನು ಹೋದ ವರ್ಷ ನಾನು ಮಿಕ್ಸ್ ಮಾಡಿಕೊಟ್ಟೆ. ಅದಕ್ಕೂ ಮುಂಚೆ ಬೇರೆ ಕಡೆ ಮಾಡಿಸಿದ್ದ ಮಿಕ್ಸಿನಲ್ಲಿ ರಾಗ ನುಡಿಸಿದವನು ನಟ್ಟನಡುವೆ ಇದ್ದ. ಕಾರ್ಡ್ಸ್ ನುಡಿಸಿದವನನ್ನು ಎರಡೂ ಕಡೆ ಹರಡಿ, ಮೇಲೆ ಉದ್ದನೆಯ ರಿವರ್ಬ್ ಸುರಿದಿದ್ದರು. ಕೇಳೋಕೆ ಇಂಪಾಗಿಯೇ ಇತ್ತು. ಎರಡನೆಯವನು ಮಾತ್ರ, ‘ನಾನು ಗಿಟಾರ್ ನುಡಿಸಿದ್ದು ಕಣೋ, ಇಲ್ಲಿ ಕೀಬೋರ್ಡ್ ಪ್ಯಾಡ್ ಥರ ಕೇಳಿಸ್ತಿದೀನಿ’ ಅಂದ. ಅವನ ದೂರು ನ್ಯಾಯವಾಗಿತ್ತು. ಅವನ ಬೆರಳು ತಂತಿಗೆ ತಾಗುವ ಕ್ಷಣವೇ ರಿವರ್ಬಿನಲ್ಲಿ ಕರಗಿಹೋಗಿತ್ತು. ಇಡೀ ತುಣುಕಿನ ಲಯ ನಿಂತಿದ್ದು ಆ ಕ್ಷಣಗಳ ಮೇಲೆ.

ಈಗ ‘ಮೆಡಿಟರೇನಿಯನ್ ಸನ್‌ಡ್ಯಾನ್ಸ್ / ರಿಯೋ ಆಂಚೋ’ ಹಾಕಿಕೊಳ್ಳಿ. ಇಯರ್‌ಫೋನ್ ಇದ್ದರೆ ಒಳ್ಳೇದು. ಮೊದಲ ಸಲ ಎರಡೂ ಕಿವಿಯಲ್ಲಿ ಕೇಳಿ. ಎರಡನೇ ಸಲ ಬಲಗಡೆಯದನ್ನು ತೆಗೆದುಬಿಡಿ. ಡಿ ಮಿಯೋಲಾ ಅವರ ಬೆಂಕಿಯಂಥ ಓಟಗಳು ಹಿಂದೆ ಸರಿದು, ಪಾಕೋ ಒಬ್ಬರೇ ಎದುರು ಉಳಿಯುತ್ತಾರೆ. ಜಗತ್ತಿನ ಅತಿದೊಡ್ಡ ಫ್ಲೆಮೆಂಕೋ ವಾದಕರಲ್ಲಿ ಒಬ್ಬರು ಇನ್ನೊಬ್ಬರಿಗೆ ಹೇಗೆ ಸಾಥ್ ಕೊಡ್ತಾರೆ ಅನ್ನೋದು ಕೇಳಿಸುತ್ತೆ. ಎಲ್ಲಿ ತಂತಿಗಳನ್ನು ಒಟ್ಟಿಗೆ ಬಾರಿಸ್ತಾರೆ, ಎಲ್ಲಿ ತಟ್ಟನೆ ಕೈ ಒತ್ತಿ ನಿಲ್ಲಿಸ್ತಾರೆ, ಎಲ್ಲಿ ಜಾಗ ಬಿಡ್ತಾರೆ, ಎಲ್ಲವೂ. ಡಿ ಮಿಯೋಲಾ ಸೋಲೋ ಜೋರಾದಾಗಲೂ ಪಾಕೋ ಅವರ ಜಾಗ ಕದಲುವುದಿಲ್ಲ. ಸಾಥ್ ಕೊಡುವವನಿಗೂ ಪೂರ್ತಿ ಒಂದು ಕಡೆ ಬರೆದುಕೊಟ್ಟಿದೆ ಈ ಮಿಕ್ಸ್.

ಹಾಗಂತ ಯಾರು ಬೇಕಾದರೂ ಹೀಗೆ ಪೂರ್ತಿ ಎಡ, ಪೂರ್ತಿ ಬಲ ಮಾಡಿದರೆ ನಡೆಯುತ್ತಾ? ಇಲ್ಲ. ಇಲ್ಲಿ ಅದು ನಡೆಯೋದಕ್ಕೆ ಎರಡು ಕಾರಣ ಇದೆ ಅನ್ನಿಸುತ್ತೆ ನನಗೆ.

ಒಂದು, ನಾದದ ವ್ಯತ್ಯಾಸ. ಪಾಕೋ ನುಡಿಸೋದು ನೈಲಾನ್ ತಂತಿ, ಬೆರಳಿನಿಂದ. ಡಿ ಮಿಯೋಲಾ ಕೈಯಲ್ಲಿರೋದು ಉಕ್ಕಿನ ತಂತಿಯ ಒವೇಷನ್, ಜೊತೆಗೆ ಪಿಕ್. ಒಂದು ಮರದ ಹಾಗೆ, ಇನ್ನೊಂದು ಲೋಹದ ಹಾಗೆ. ಫೋನಿನ ಒಂದೇ ಸ್ಪೀಕರಿನಲ್ಲಿ ಕೇಳಿದರೂ ಯಾರು ಯಾರು ಅಂತ ಗೊತ್ತಾಗುತ್ತೆ. ಒಂದೇ ಥರದ ಎರಡು ಗಿಟಾರು, ಒಂದೇ ಪಟ್ಟಿಯಲ್ಲಿ ನುಡಿಸಿದರೆ ಪ್ಯಾನಿಂಗ್ ಒಂದೇ ಗತಿ. ಮೋನೋ ಆದ ತಕ್ಷಣ ಎರಡೂ ಸೇರಿ ಗಂಜಿ. ಅಂಥ ಕಡೆ ಬಿಡಿಸಬೇಕಾದ್ದು ನುಡಿಸುವಾಗಲೇ: ಒಬ್ಬರು ಕೇಪೋ ಹಾಕಿ ಮೇಲಿನ ಸ್ಥಾಯಿಗೆ ಹೋಗಬೇಕು, ಇಲ್ಲವೇ ಒಬ್ಬರು ಪಿಕ್ ಕೆಳಗಿಡಬೇಕು.

ಎರಡು, ಕೋಣೆ. ವಾರ್‌ಫೀಲ್ಡ್ 1922ರ ಹಳೆಯ ಥಿಯೇಟರು. ಜನರ ಕೂಗು, ಶಿಳ್ಳೆ, ಚಪ್ಪಾಳೆ ಎರಡೂ ಗಿಟಾರನ್ನು ಒಟ್ಟಿಗೆ ಸುತ್ತಿಕೊಂಡಿರುತ್ತೆ. ‘ಶಾರ್ಟ್ ಟೇಲ್ಸ್’ ನಡುವೆ ತಮಾಷೆಗೆ ‘ಪಿಂಕ್ ಪ್ಯಾಂಥರ್’ ರಾಗ ಇಣುಕಿದಾಗ ಜನ ನಗ್ತಾರಲ್ಲ, ಆ ನಗು ಯಾವ ಪ್ಲಗಿನ್ನೂ ಕೊಡಲಾಗದ ರಿವರ್ಬ್. ಇಬ್ಬರೂ ಒಂದೇ ಛಾವಣಿಯ ಕೆಳಗಿದ್ದಾರೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಕೊನೆಯ ‘ಗಾರ್ಡಿಯನ್ ಏಂಜೆಲ್’ ಮಾತ್ರ ಸ್ಟುಡಿಯೋದಲ್ಲಿ ಮಾಡಿದ್ದು. ವಾದನ ಚೆನ್ನಾಗಿಯೇ ಇದೆ, ಆದರೆ ಮನೆ ಬದಲಾಯಿಸಿದ ಹಾಗೆ ಅನ್ನಿಸುತ್ತೆ. ಆಲ್ಬಮ್ಮಿನ ಬಗ್ಗೆ ನನ್ನ ದೊಡ್ಡ ತಕರಾರು ಅದೇ.

ಇನ್ನೊಂದು ತಕರಾರೂ ಇದೆ. ಸ್ಪೀಕರಿನಲ್ಲಿ ಕೇಳುವಾಗ ಎಡ ಸ್ಪೀಕರಿನ ಸದ್ದು ಬಲಗಿವಿಗೂ ಸ್ವಲ್ಪ ತಲುಪುತ್ತೆ. ಇಯರ್‌ಫೋನಿನಲ್ಲಿ ಆ ದಾರಿ ಬಂದ್. ಹಾಗಾಗಿ ಡಿ ಮಿಯೋಲಾ ಅವರ ಉಕ್ಕಿನ ತಂತಿ ಹನ್ನೊಂದು ನಿಮಿಷ ಬಲಗಿವಿಯನ್ನೇ ಕುಟ್ಟುತ್ತೆ. ಆಫೀಸಿನ ಎಂಟು ಗಂಟೆ ಇಯರ್‌ಫೋನಿನಲ್ಲೇ ಕಳೆಯುವ ನಮ್ಮಂಥವರಿಗೆ ಇದು ಸುಸ್ತು. ಇವತ್ತು ಮಿಕ್ಸ್ ಮಾಡುವವರು ಇಬ್ಬರನ್ನೂ ಮುಕ್ಕಾಲು ದಾರಿಯವರೆಗೆ ಮಾತ್ರ ಕಳಿಸಿದರೆ ನಷ್ಟವಿಲ್ಲ.

ಗೆಳೆಯರ ಮಿಕ್ಸಿನಲ್ಲಿ ನಾನು ಮಾಡಿದ್ದು ಹೆಚ್ಚುಕಮ್ಮಿ ಅದನ್ನೇ. ಇಬ್ಬರನ್ನೂ ಸಮಾನ ದೂರದಲ್ಲಿ ಕೂರಿಸಿ, ಎರಡನ್ನೂ ಒಂದೇ ರಿವರ್ಬಿಗೆ ಕಳಿಸಿದೆ. ಬೇರೆ ಬೇರೆ ರಿವರ್ಬ್ ಹಾಕಿದರೆ ಒಬ್ಬ ಬಚ್ಚಲುಮನೆಯಲ್ಲಿ, ಇನ್ನೊಬ್ಬ ಕಲ್ಯಾಣ ಮಂಟಪದಲ್ಲಿ ಕೂತು ಫೋನಿನಲ್ಲಿ ಮಾತಾಡಿದಂತೆ ಇರುತ್ತೆ. ಉದ್ದ ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಲೆಕ್ಕ ಸುಲಭ: ಸೆಕೆಂಡಿಗೆ ಹತ್ತು ಸ್ವರ ನುಡಿಸುವವನಿಗೆ ಎರಡು ಸೆಕೆಂಡಿನ ರಿವರ್ಬ್ ಕೊಟ್ಟರೆ, ಇಪ್ಪತ್ತು ಸ್ವರ ಒಂದರ ಮೇಲೊಂದು ಕೂತಿರುತ್ತೆ. ಜೊತೆಗೆ ಸ್ವರ ಹುಟ್ಟಿ ಸುಮಾರು 25 ಮಿಲಿಸೆಕೆಂಡ್ ಆದಮೇಲೆ ರಿವರ್ಬ್ ಶುರುವಾಗುವಂತೆ ಪ್ರೀ-ಡಿಲೇ ಇಟ್ಟೆ, ಬೆರಳು ತಾಗಿದ ಸದ್ದು ಮುಚ್ಚಿಹೋಗದಿರಲಿ ಅಂತ. ಕಾರ್ಡ್ಸ್ ನುಡಿಸಿದವನು ಕೇಳಿ ಏನೂ ಹೇಳಲಿಲ್ಲ, ತನ್ನ ತಪ್ಪುಗಳನ್ನು ಒಂದೊಂದಾಗಿ ತೋರಿಸತೊಡಗಿದ. ಈಗ ಅವೂ ಕೇಳಿಸುತ್ತಿದ್ದವು.