ನಟನ ಮೇಲಣ ಪ್ರೀತಿ, ಪಾತ್ರದ ಕತ್ತಲು: ಜೇಮ್ಸ್ ಸ್ಟೀವರ್ಟ್ ಚಿತ್ರಗಳ ಮರುನೋಟ

ಭಾರತೀಯ ಕಾವ್ಯಮೀಮಾಂಸೆಯು ನಾಟ್ಯದ ಚರ್ಚೆಯಲ್ಲಿ ಅನುಕಾರ್ಯ ಮತ್ತು ಅನುಕರ್ತೃ, ಅಂದರೆ ಪಾತ್ರ ಮತ್ತು ನಟ, ಇವರನ್ನು ಬೇರ್ಪಡಿಸಿ ನೋಡುತ್ತದೆ. ತಾರಾಪದ್ಧತಿಯನ್ನು ನೆಚ್ಚಿಕೊಂಡಿದ್ದ ಹಾಲಿವುಡ್ಡಿನ ಅಭಿಜಾತ ಚಿತ್ರಗಳಲ್ಲಿ ಈ ಭೇದವು ಸುಲಭವಾಗಿ ನಿಲ್ಲುವುದಿಲ್ಲ. ಅಲ್ಲಿ ಪ್ರೇಕ್ಷಕನು ಪ್ರತಿಯೊಂದು ಹೊಸ ಪಾತ್ರವನ್ನೂ ಆ ನಟನ ಹಿಂದಿನ ಪಾತ್ರಗಳ ನೆನಪಿನೊಡನೆಯೇ ಎದುರುಗೊಳ್ಳುತ್ತಾನೆ. ಈ ನೆನಪು ಚಿತ್ರಪ್ರೇಮಿಯ ಸಂಪತ್ತೂ ಹೌದು, ಅವನ ಕಣ್ಣಿಗೆ ಕಟ್ಟಿದ ಪಟ್ಟಿಯೂ ಹೌದು. ಈ ಪ್ರಶ್ನೆಯ ಪರಿಶೀಲನೆಗೆ ಜೇಮ್ಸ್ ಸ್ಟೀವರ್ಟ್ (1908–1997) ಅವರ ಚಿತ್ರಗಳು ತಕ್ಕ ನಿದರ್ಶನಗಳಾಗಿವೆ.

ಸ್ಟೀವರ್ಟ್ ಅವರ ಜನಪ್ರಿಯ ಪ್ರತಿಮೆ ರೂಪುಗೊಂಡದ್ದು ಫ್ರ್ಯಾಂಕ್ ಕಾಪ್ರಾ ನಿರ್ದೇಶನದ 'ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್' (1939) ಚಿತ್ರದಲ್ಲಿ. ಅದರ ಯುವ ಸೆನೆಟರ್ ಭ್ರಷ್ಟರ ವಿರುದ್ಧ ಹಗಲಿರುಳು ನಿಂತು ಮಾತನಾಡಿ, ದನಿ ಒಡೆದು, ಸಭೆಯ ನಡುವೆಯೇ ಕುಸಿದುಬೀಳುತ್ತಾನೆ. ನೀಳ ತೆಳು ದೇಹ, ತಡವರಿಸುವ ಮಾತು, ನಾಚಿಕೆ ಬೆರೆತ ನಗೆ ಇವೆಲ್ಲ ಸೇರಿ 'ಒಳ್ಳೆಯ ಸಾಮಾನ್ಯ ಮನುಷ್ಯ'ನ ಮೂರ್ತಿಯೊಂದು ಸಿದ್ಧವಾಯಿತು. 'ದಿ ಫಿಲಡೆಲ್ಫಿಯ ಸ್ಟೋರಿ' (1940) ಶ್ರೇಷ್ಠ ನಟನಿಗೆ ಸಲ್ಲುವ ಆಸ್ಕರ್ ಪ್ರಶಸ್ತಿಯನ್ನು ಅವರಿಗೆ ತಂದುಕೊಟ್ಟಿತು.

ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನಗಳ ಚಾಲಕರಾಗಿ ಯುರೋಪಿನ ಮೇಲೆ ಹಾರಾಟ ನಡೆಸಿದ ಸ್ಟೀವರ್ಟ್, ಹಿಂದಿರುಗಿದ ಬಳಿಕ ನಟಿಸಿದ ಮೊದಲ ಚಿತ್ರ ಕಾಪ್ರಾ ಅವರ 'ಇಟ್ಸ್ ಎ ವಂಡರ್‌ಫುಲ್ ಲೈಫ್' (1946). ಬಿಡುಗಡೆಯಾದಾಗ ಅದು ಹಾಕಿದ ಹಣವನ್ನು ಗಳಿಸಲಿಲ್ಲ. 1974ರಲ್ಲಿ ಅದರ ಹಕ್ಕುಸ್ವಾಮ್ಯ ನವೀಕರಣಗೊಳ್ಳದೆ ಹೋದುದರಿಂದ ದೂರದರ್ಶನ ಕೇಂದ್ರಗಳು ಕ್ರಿಸ್ಮಸ್ ಕಾಲದಲ್ಲಿ ಅದನ್ನು ಮತ್ತೆ ಮತ್ತೆ ಪ್ರಸಾರ ಮಾಡಿದವು. ಹೀಗೆ ಅದು ಅಮೆರಿಕದ ಮನೆಮನೆಯ ಚಿತ್ರವಾಯಿತು. ಊರಿನ ಜನ ನಾಯಕನ ಮುಂದೆ ಹಣ ಸುರಿಯುವ ಕೊನೆಯ ದೃಶ್ಯವೇ ಇಡೀ ಚಿತ್ರವೆಂಬಂತೆ ನೆನಪಿನಲ್ಲಿ ಉಳಿಯಿತು.

ಆದರೆ ಚಿತ್ರವನ್ನು ಮರಳಿ ನೋಡಿದಾಗ ಕಾಣುವುದು ಬೇರೆಯೇ. ಲೋಕ ಸುತ್ತಬೇಕು, ಸೇತುವೆಗಳನ್ನು ಕಟ್ಟಬೇಕು ಎಂಬ ಹಂಬಲದ ಜಾರ್ಜ್ ಬೈಲಿ ತನ್ನ ಸಣ್ಣ ಊರನ್ನು ಬಿಡಲಾಗದೆ ಉಳಿದವನು. 8,000 ಡಾಲರ್ ಕಳೆದುಹೋದ ರಾತ್ರಿ ಅವನು ಮುದಿ ಚಿಕ್ಕಪ್ಪನ ಕೊರಳಪಟ್ಟಿ ಹಿಡಿದು ಜಗ್ಗುತ್ತಾನೆ, ಮಗಳ ಶಿಕ್ಷಕಿಯನ್ನು ದೂರವಾಣಿಯಲ್ಲಿ ಬಯ್ಯುತ್ತಾನೆ, ಹೆದರಿ ನಿಂತ ಮಕ್ಕಳೆದುರಿಗೆ ಮನೆಯಲ್ಲಿದ್ದ ಸೇತುವೆಯ ಮಾದರಿಯನ್ನು ಕೆಡವುತ್ತಾನೆ. ಕೊನೆಯ ದೃಶ್ಯದ ಕಣ್ಣೀರು ಈ ಕೋಪವನ್ನು ತೊಳೆಯಿತೆಂದು ನಮ್ಮನ್ನು ನಂಬಿಸುವುದು ಚಿತ್ರವಲ್ಲ, ನಟನ ಮೇಲಣ ಪ್ರೀತಿ.

ಈ ಕೋಪವನ್ನು ಗುರುತಿಸಿದವರಲ್ಲಿ ನಿರ್ದೇಶಕ ಆಂಥನಿ ಮ್ಯಾನ್ ಒಬ್ಬರು. 1950ರಿಂದ 1955ರವರೆಗೆ ಅವರಿಬ್ಬರು ಜೊತೆಗೂಡಿ ಮಾಡಿದ ಎಂಟು ಚಿತ್ರಗಳಲ್ಲಿ ಐದು ವೆಸ್ಟರ್ನ್‌ಗಳು. 'ದಿ ನೇಕೆಡ್ ಸ್ಪರ್' (1953) ಚಿತ್ರದ ನಾಯಕ ಬಹುಮಾನದ ಹಣಕ್ಕಾಗಿ ಮನುಷ್ಯನ ಹೆಣವನ್ನೇ ಎಳೆದು ತರುತ್ತಾನೆ, ಕೊನೆಗೆ ಅಳುತ್ತ ಅದನ್ನು ಹೂಳಲು ಅಣಿಯಾಗುತ್ತಾನೆ.

ಆಲ್ಫ್ರೆಡ್ ಹಿಚ್‌ಕಾಕ್ ಅವರ 'ವರ್ಟಿಗೊ' (1958) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಎತ್ತರಕ್ಕೆ ಅಂಜುವ ನಿವೃತ್ತ ಪತ್ತೇದಾರ ಸ್ಕಾಟಿಯ ದುಃಖವನ್ನು ಪ್ರೇಕ್ಷಕನು ತನ್ನದೆಂದೇ ಭಾವಿಸುತ್ತಾನೆ, ಏಕೆಂದರೆ ಆ ಮುಖ ಅವನಿಗೆ ಚಿರಪರಿಚಿತ. ಅಷ್ಟರಲ್ಲಿ ಕಿಮ್ ನೊವಾಕ್ ಅಭಿನಯಿಸಿದ ಜೂಡಿ ಪತ್ರವೊಂದನ್ನು ಬರೆದು ಹರಿದುಹಾಕುತ್ತಾಳೆ. ಸ್ಕಾಟಿಗೆ ತಿಳಿಯದ ಸತ್ಯ ಪ್ರೇಕ್ಷಕನಿಗೆ ತಿಳಿಯುತ್ತದೆ. ಆಮೇಲೆ ಸ್ಕಾಟಿ ಅವಳಿಗೆ ಬೂದು ಬಣ್ಣದ ಉಡುಪು ತೊಡಿಸುವಾಗ, ಕೂದಲಿನ ಬಣ್ಣ ಬದಲಿಸುವಾಗ, ನೋಡುವವನು ಅವಳ ಕಡೆಯಿಂದಲೂ ನೋಡಬೇಕಾಗುತ್ತದೆ. ಅದುವರೆಗೆ ನಟನ ಕಣ್ಣಿನಿಂದಲೇ ನೋಡುತ್ತಿದ್ದ ಚಿತ್ರಪ್ರೇಮಿಗೆ ತನ್ನ ಪ್ರೀತಿಯ ಬೆಲೆಯನ್ನು ಒಬ್ಬ ಹೆಣ್ಣು ತೆರುತ್ತಿದ್ದಾಳೆಂಬ ಅರಿವಾಗುತ್ತದೆ.

ಹಿಚ್‌ಕಾಕ್ ಸ್ಟೀವರ್ಟ್ ಅವರ ಪ್ರತಿಮೆಗೆ ವಿರುದ್ಧವಾದ ಪಾತ್ರವನ್ನು ಕೊಟ್ಟರೆಂಬ ಮಾತು ರೂಢಿಯಲ್ಲಿದೆ. ಅದು ಅರ್ಧಸತ್ಯ. ಕಟ್ಟುವ ಹಂಬಲ, ಅದು ಕೈಗೂಡದಾಗಿನ ರೋಷ ಇವೆರಡೂ ಬೈಲಿಯಲ್ಲಿಯೇ ಇದ್ದವು. ಸ್ಕಾಟಿಯಲ್ಲಿ ಸೇತುವೆಯ ಜಾಗಕ್ಕೆ ಹೆಣ್ಣು ಬಂದಿದ್ದಾಳೆ. ಬೈಲಿಯನ್ನು ಹಿಂದಕ್ಕೆ ಕರೆತರಲು ಒಂದು ಊರಿತ್ತು, ಸ್ಕಾಟಿಗೆ ಯಾರೂ ಇಲ್ಲ. ಎರಡು ಪಾತ್ರಗಳ ನಡುವಣ ವ್ಯತ್ಯಾಸ ಸ್ವಭಾವದ್ದಲ್ಲ, ಆಶ್ರಯದ್ದು.

ಹಲವು ವರ್ಷ ಪ್ರದರ್ಶನದಿಂದ ದೂರವಿದ್ದ 'ವರ್ಟಿಗೊ' 1983ರಲ್ಲಿ ಮತ್ತೆ ತೆರೆಕಂಡಿತು. 'ಸೈಟ್ ಅಂಡ್ ಸೌಂಡ್' ಪತ್ರಿಕೆಯ ವಿಮರ್ಶಕರ ಮತದಾನದಲ್ಲಿ ಅದು 2012ರಲ್ಲಿ ಮೊದಲ ಸ್ಥಾನವನ್ನೂ 2022ರಲ್ಲಿ ಎರಡನೆಯ ಸ್ಥಾನವನ್ನೂ ಪಡೆಯಿತು. ಮೊದಲ ನೋಟದಲ್ಲಿ ಸೋತ ಎರಡು ಚಿತ್ರಗಳು ಮರುನೋಟದಲ್ಲಿ ಗೆದ್ದಿವೆ. ಆದರೆ ಒಂದನ್ನು ಮರುನೋಟವು ಮೃದುಗೊಳಿಸಿತು, ಇನ್ನೊಂದನ್ನು ಹರಿತಗೊಳಿಸಿತು. ನಟನ ಮೇಲಣ ಪ್ರೀತಿಯನ್ನು ವಿಮರ್ಶೆ ತಿರಸ್ಕರಿಸಬೇಕಾಗಿಲ್ಲ, ಚಿತ್ರದ ಬಾಗಿಲು ತೆರೆಯುವುದು ಅದರಿಂದಲೇ. ಆ ಪ್ರೀತಿ ಯಾವುದನ್ನು ಮರೆಯಿತು, ಯಾರನ್ನು ನೋಡದೆ ಹೋಯಿತು ಎಂದು ಕೇಳಿದಾಗ ಮಾತ್ರ ಅದು ವಿಮರ್ಶೆಯಾಗುತ್ತದೆ.